ಯಾವ ಜೋಡಿ ಹೊಡೆಯುತ್ತೆ ಅನ್ನೋದಕ್ಕಿಂತ ಮುಂಚೆ: ಲೆಕ್ಕದ ಪುಸ್ತಕ ಎಲ್ಲಿದೆ?

ಭಾನುವಾರದ ಜೋಡೆತ್ತಿನ ಗಾಡಿ ಓಟಕ್ಕೆ ಇನ್ನು ಐದೇ ದಿನ. ಡೇರಿ ಮುಂದೆ, ಟೀ ಅಂಗಡಿಯಲ್ಲಿ, ಕಟಿಂಗ್ ಶಾಪಿನಲ್ಲಿ ಎಲ್ಲೇ ನಿಂತರೂ ಒಂದೇ ಮಾತು: ಈ ಸಲ ಯಾರ ಎತ್ತು? ನಮ್ಮ ಗುಂಪಿನಲ್ಲೂ ಅದೇ ಕಥೆ. ನಾವು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ನಾಲ್ಕೂ ಕಡೆಯವರು. ಪತ್ರಿಕೋದ್ಯಮ ಓದುವಾಗ ಒಂದೇ ಬೆಂಚಲ್ಲಿ ಕೂತವರು, ಎತ್ತಿನ ವಿಷಯ ಬಂದಾಗ ಮಾತ್ರ ನಾಲ್ಕು ಪಾರ್ಟಿ.

ಮೊದಲು ನಮ್ಮ ಜಗಳವನ್ನೇ ನಿಮ್ಮ ಮುಂದೆ ಇಡ್ತೀವಿ. ಎತ್ತು ಸಾಕಿದವರ ಹೆಸರು ಹೇಳೋದಿಲ್ಲ. ನೋಡಿದವರಿಗೆ ಗೊತ್ತಾಗುತ್ತೆ, ನೋಡದವರಿಗೆ ಬೇಕಿಲ್ಲ.

ಶ್ರೀರಂಗಪಟ್ಟಣದ ಜೋಡಿ ಬಿಟ್ಟ ತಕ್ಷಣ ಬಾಣ. ಮೊದಲ ಐವತ್ತು ಹೆಜ್ಜೆಯಲ್ಲಿ ಅದನ್ನು ಹಿಡಿಯೋ ಜೋಡಿಯನ್ನು ನಾವಂತೂ ನೋಡಿಲ್ಲ. ಆದರೆ ಕೊನೆಗೆ ಬರ್ತಾ ಬಲಗಡೆ ಎತ್ತು ಹೊರಕ್ಕೆ ಎಳೆಯುತ್ತೆ, ಗಾಡಿ ಸೊಟ್ಟ ಹೋಗುತ್ತೆ. ಎರಡು ಸಲ ಹಾಗೇ ಸೋತಿದೆ. ಆ ಕಡೆಯ ಗೆಳೆಯ ಮಾತ್ರ ಒಪ್ಪೋದಿಲ್ಲ. "ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಕಟ್ಟಿದ್ದು, ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟಿದ್ದು ನಮ್ಮ ಪಟ್ಣದಿಂದ ಕಣ್ಲಾ, ಎತ್ತಿನ ವಿಷಯ ನಮಗೇ ಹೇಳ್ಕೊಡ್ತೀಯಾ?" ಅಂತಾನೆ. ಫಿರಂಗಿ ಎಳೆದ ಎತ್ತುಗಳ ಇತಿಹಾಸ ಸರಿಯೇ. ಭಾನುವಾರ ಗಾಡಿ ಎಳೆಯೋದು ಆ ಎತ್ತುಗಳಲ್ಲವಲ್ಲ!

ಪಾಂಡವಪುರದ ಜೋಡಿ ಹೊಸದು. ಒಂದು ಎತ್ತು ಮೊದಲಿಂದ ಇದ್ದದ್ದು, ಇನ್ನೊಂದನ್ನು ಈ ವರ್ಷ ದೊಡ್ಡ ದುಡ್ಡು ಕೊಟ್ಟು ತಂದದ್ದು. ಒಂಟಿಯಾಗಿ ನೋಡಿದರೆ ಎರಡೂ ಹುಲಿ. ಆದರೆ ನೊಗಕ್ಕೆ ಹೆಗಲು ಕೊಟ್ಟ ಮೇಲೆ ಒಂದರ ಹೆಜ್ಜೆಗೆ ಇನ್ನೊಂದರ ಹೆಜ್ಜೆ ಕೂಡಬೇಕು. ಅದಕ್ಕೆ ತಿಂಗಳುಗಟ್ಟಲೆ ಬೇಕು. ದುಡ್ಡಿಗೆ ಎತ್ತು ಸಿಗುತ್ತೆ, ಜೋಡಿ ಸಿಗೋದಿಲ್ಲ.

ಕೆ.ಆರ್.ಪೇಟೆಯದು ಬಾಯಿಗೂಡಿದ ಹಳೇ ಹುಲಿಗಳು. ಹೇಮಗಿರಿ ಜಾತ್ರೆಗೆ ಹೋದವರೆಲ್ಲ ಕಂಡಿರ್ತೀರಿ. ಜನ ಕೂಗಿದರೂ ತಮಟೆ ಬಡಿದರೂ ಕಿವಿ ಅಲ್ಲಾಡಿಸೋದಿಲ್ಲ. ಗಾಡಿ ಹೊಡೆಯೋ ಅಣ್ಣ ಬಾರುಕೋಲನ್ನು ಎತ್ತೋದೇ ಅಪರೂಪ, ಹಗ್ಗದಲ್ಲೇ ಮಾತಾಡ್ತಾರೆ. ಚಿಂತೆ ಇರೋದು ವಯಸ್ಸಿನದು.

ಇನ್ನು ನಾಗಮಂಗಲದ್ದು. ಆರು ಹಲ್ಲಿನ ಹಳ್ಳಿಕಾರ್ ಜೋಡಿ, ಮನೆಯಲ್ಲೇ ಕರುವಿನಿಂದ ಸಾಕಿದ್ದು. ನಾಲೆ ನೀರು ಕಾಣದ ಸೀಮೆ, ರಾಗಿ ಹುಲ್ಲು, ಹುರುಳಿ, ಗಟ್ಟಿ ಕೆಂಪು ನೆಲದಲ್ಲಿ ಓಡಾಡಿದ ಗೊರಸು. ಗದ್ದೆ ಸೀಮೆ ಎತ್ತಿಗಿಂತ ಬಯಲು ಸೀಮೆ ಎತ್ತಿಗೆ ಉಸಿರು ಜಾಸ್ತಿ ಅಂತ ಹಿರಿಯರು ಹೇಳ್ತಾರೆ. ಇದು ಓಡಿರೋದು ಕಡಿಮೆ. ಆದರೂ ನಮ್ಮಲ್ಲಿ ಮೂವರ ಮತ ಇದಕ್ಕೇ.

ಕಾರಣ ಉಸಿರು. ಲೆಕ್ಕ ಹಾಕಿ ನೋಡಿ. 64 ಜೋಡಿ ಬಂದವು ಅಂತಿಟ್ಟುಕೊಳ್ಳಿ. ಒಂದು ಸಲಕ್ಕೆ ಎರಡು ಗಾಡಿ ಬಿಟ್ಟು ಸೋತದ್ದನ್ನು ಮನೆಗೆ ಕಳಿಸಿದರೆ 64 ಹೋಗಿ 32, 16, 8, 4, 2. ಕಪ್ ಎತ್ತೋ ಜೋಡಿ ಒಟ್ಟು 6 ಸಲ ಓಡಿರುತ್ತೆ. ಬೆಳಿಗ್ಗೆ ಎರಡು, ಮಟಮಟ ಮಧ್ಯಾಹ್ನ ಎರಡು, ಸಂಜೆ ಕತ್ತಲಾಗೋ ಹೊತ್ತಿಗೆ ಸೆಮಿಫೈನಲ್, ಫೈನಲ್ ಬೆನ್ನುಬೆನ್ನಿಗೆ. ಮೊದಲ ಓಟದಲ್ಲಿ ಮಿಂಚಿದ ಜೋಡಿ ಆರನೇ ಓಟಕ್ಕೆ ನಾಲಿಗೆ ಹೊರಗೆ ಹಾಕಿರುತ್ತೆ.

ಇಷ್ಟು ಹೇಳಿದ ಮೇಲೆ ಒಂದು ನಿಜ ಒಪ್ಪಿಕೊಳ್ಳಬೇಕು. ಮೇಲೆ ಬರೆದದ್ದರಲ್ಲಿ ಒಂದನ್ನೂ ನಾವು ರುಜುವಾತು ಮಾಡೋಕಾಗೋದಿಲ್ಲ. ನಮ್ಮ ಹತ್ತಿರ ಇರೋದು ಕಣ್ಣಲ್ಲಿ ಕಂಡದ್ದು, ಮತ್ತೆ ಮೊಬೈಲಲ್ಲಿ ಸ್ಟೇಟಸ್ ವಿಡಿಯೋ. ಯಾವ ಓಟದಲ್ಲಿ ಯಾವ ಜೋಡಿ ಎಷ್ಟು ಸೆಕೆಂಡಿಗೆ ಗೆರೆ ಮುಟ್ಟಿತು? ಅಖಾಡ ಎಷ್ಟು ಮೀಟರ್ ಇತ್ತು? ಮೈಕಲ್ಲಿ ಒಂದು ಹೇಳ್ತಾರೆ, ಟೇಪ್ ಹಿಡಿದು ಅಳೆದವರನ್ನು ನಾವು ಕಂಡಿಲ್ಲ.

ಇನ್ನೂ ಒಂದು ಇದೆ. ಚೀಟಿ ಎತ್ತಿ ಜೊತೆ ಹಾಕುವಾಗ ಎರಡು ಒಳ್ಳೇ ಜೋಡಿ ಮೊದಲ ಸುತ್ತಿಗೇ ಎದುರಾದರೆ ಒಂದು ಮನೆಗೆ ಹೋಗಲೇಬೇಕು. ಅದೇ ದಿನ ಅದಕ್ಕಿಂತ ನಿಧಾನ ಇರೋ ಜೋಡಿ ಸುಲಭದ ಚೀಟಿ ಸಿಕ್ಕಿ ನಾಲ್ಕರ ಘಟ್ಟ ತಲುಪಿರುತ್ತೆ. ಮಾರನೇ ದಿನ ಎಲ್ಲರ ಬಾಯಲ್ಲೂ "ಆ ಎತ್ತು ಮೊದಲ ಸುತ್ತಲ್ಲೇ ಔಟ್". ಗಡಿಯಾರ ಹಿಡಿದಿದ್ದರೆ ನಿಜ ಗೊತ್ತಾಗ್ತಿತ್ತು.

ಕರಾವಳಿ ಕಡೆ ನೋಡಿ. ಕಂಬಳದಲ್ಲಿ ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ ಅಂತ ವಿಭಾಗ. ನೇಗಿಲು, ಹಗ್ಗದಲ್ಲಿ ಕಿರಿಯ, ಹಿರಿಯ ಬೇರೆ. ಈಗ ಗೆರೆ ಮುಟ್ಟಿದ್ದನ್ನು ಲೇಸರ್ ಕಿರಣದಿಂದ ಹಿಡಿಯೋದೂ ಬಂದಿದೆ. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡ ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಲ್ಲಿ ಓಡಿದ್ದು ದೇಶಕ್ಕೆಲ್ಲ ಸುದ್ದಿಯಾಯ್ತು. ಉಸೇನ್ ಬೋಲ್ಟ್ ಜೊತೆ ಹೋಲಿಕೆ ಅತಿಯಾಯ್ತು, ಬಿಡಿ. ಕೋಣ ಎಳೆಯೋ ಓಟವೇ ಬೇರೆ. ಆದರೆ ಆ ಹೋಲಿಕೆ ಮಾಡೋಕಾದರೂ ದೂರ, ಸಮಯ ಎರಡೂ ಬರೆದಿಟ್ಟಿದ್ದರು. ನಮ್ಮ ಅಖಾಡದಲ್ಲಿ ನಾಳೆ ಅದಕ್ಕಿಂತ ದೊಡ್ಡದು ನಡೆದರೂ ಹೊರಗಿನವರಿಗೆ ತೋರಿಸೋಕೆ ಒಂದು ಚೀಟಿಯೂ ಇರೋದಿಲ್ಲ.

ಲೆಕ್ಕ ಇದ್ದರೆ ಫಲಿತಾಂಶ ಮೊದಲೇ ಗೊತ್ತಾಗಿಬಿಡುತ್ತೆ ಅಂತಲ್ಲ. ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಪ್ರತಿ ಮಾರ್ಚ್ ತಿಂಗಳು ಚಾಂಪಿಯನ್ ಹರ್ಡಲ್ ಅನ್ನೋ ಕುದುರೆ ಓಟ ನಡೆಯುತ್ತೆ. ಸುಮಾರು ಎರಡು ಮೈಲಿ ದೂರ, 8 ಕಡೆ ತಡೆ ಹಾರಬೇಕು. ಪ್ರತಿ ಕುದುರೆ ಹಿಂದೆ ಎಲ್ಲಿ ಓಡಿತು, ಎಷ್ಟನೇದು ಬಂತು, ಎಷ್ಟು ತೂಕ ಹೊತ್ತಿತ್ತು, ನೆಲ ಹಸಿಯೋ ಒಣಗಿತ್ತೋ, ಎಲ್ಲವೂ ಅಚ್ಚಾಗಿರುತ್ತೆ. 2025ರಲ್ಲಿ ಎಲ್ಲರೂ ನೆಚ್ಚಿಕೊಂಡಿದ್ದು 2023ರಲ್ಲಿ ಗೆದ್ದಿದ್ದ ಕಾನ್‌ಸ್ಟಿಟ್ಯೂಷನ್ ಹಿಲ್ ಕುದುರೆಯನ್ನು. ಅದು ನಡುದಾರಿಯಲ್ಲೇ ಬಿತ್ತು. 2024ರಲ್ಲಿ ಗೆದ್ದಿದ್ದ ಸ್ಟೇಟ್ ಮ್ಯಾನ್ ಮುಂದಿತ್ತು, ಅದು ಕೊನೇ ತಡೆಯಲ್ಲಿ ಬಿತ್ತು. ಗೆದ್ದದ್ದು ಗೋಲ್ಡನ್ ಏಸ್. ಅದರ ಮೇಲೆ ಒಂದಕ್ಕೆ 25 ದರ ಇತ್ತು, ಅಂದರೆ ಅದು ಗೆಲ್ಲುತ್ತೆ ಅಂತ ನಂಬಿದವರು ಕಡಿಮೆ. ಅಲ್ಲಿನವರಿಗೂ ನಮ್ಮ ಟೀ ಅಂಗಡಿಯವರ ಹಾಗೇ ಬಾಯಿ ಕಟ್ಟಿತು. ಆದರೆ ವಾದ ಮಾಡುವಾಗ ಅವರ ಕೈಲಿ ಕಾಗದ ಇತ್ತು.

ಕಾಗದ ಇದ್ದರೆ ಏನು ವ್ಯತ್ಯಾಸ ಅಂತ ಕೇಳಿದರೆ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದನ್ನು ನೆನಪಿಸ್ತೀವಿ. ಕುದುರೆ ಓಟ ಬರೀ ಅದೃಷ್ಟದ ಆಟ ಅಲ್ಲ, ಕುದುರೆಯ ತಳಿ, ತರಬೇತಿ, ಹಿಂದಿನ ಓಟ, ಸವಾರನ ಕೈಚಳಕ ಇವನ್ನೆಲ್ಲ ತೂಗಿ ನೋಡಬಹುದಾದ ಜಾಣ್ಮೆಯ ಆಟ ಅಂತ ಅದು ತೀರ್ಪು ಕೊಟ್ಟಿತು. ನಮ್ಮ ಓಟದ ಬೇಲಿ ಪಕ್ಕ ಕೈಗೆ ಕೈ ಕಟ್ಟೋ ಬಾಜಿಗೆ ಆ ಮಾತು ಅನ್ವಯಿಸೋದಿಲ್ಲ. ಕಾನೂನೂ ಒಪ್ಪೋದಿಲ್ಲ, ತೂಗಿ ನೋಡೋಕೆ ಲೆಕ್ಕವೂ ಇಲ್ಲ. ಬಾಜಿ ಕಟ್ಟೋ ತಮ್ಮಂದಿರೇ, ನೀವು ಎತ್ತಿನ ಮೇಲೆ ಕಟ್ತಿಲ್ಲ, ಯಾರೋ ಹಾಕಿದ ವಿಡಿಯೋ ಮೇಲೆ ಕಟ್ತಾ ಇದ್ದೀರಿ.

ಬಾಜಿಗಿಂತ ದೊಡ್ಡ ಹೊಡೆತ ಬೀಳೋದು ವ್ಯಾಪಾರದಲ್ಲಿ. ಉಳುಮೆ ಟ್ರ್ಯಾಕ್ಟರಿಗೆ ಹೋದ ಮೇಲೆ ಓಟದ ಎತ್ತಿಗೆ ಬೆಲೆ ಕಟ್ಟೋದು ಓಟವೇ. ನಮಗೆ ಗೊತ್ತಿರೋ ಒಬ್ಬ ಹುಡುಗ ವಿಡಿಯೋ ನೋಡಿ ಸಾಲ ಮಾಡಿ ಒಂದು ಎತ್ತು ತಂದ. ಹಲ್ಲು ನೋಡಿದ, ಸುಳಿ ನೋಡಿದ, ಕೊಂಬು ನೋಡಿದ. ಓಡಿಸಿದಾಗ ಗೊತ್ತಾಯ್ತು, ವಿಡಿಯೋದಲ್ಲಿ ಗೆದ್ದ ಎತ್ತು ಇದಲ್ಲ, ಅದೇ ಬಣ್ಣದ ಇನ್ನೊಂದು. ಮಾರಿದವರು "ನಾನು ಇದೇ ಎತ್ತು ಅಂತ ಎಲ್ಲಿ ಹೇಳಿದೆ?" ಅಂದುಬಿಟ್ಟರು. ಆ ಎತ್ತು ಈಗ ಹುಲ್ಲು ತಿಂದುಕೊಂಡು ಕೊಟ್ಟಿಗೆಯಲ್ಲಿದೆ, ಸಾಲದ ಕಂತು ತಿಂಗಳು ತಿಂಗಳು ಬರ್ತಿದೆ. ಅವರಪ್ಪ ಎತ್ತಿನ ಮುಖ ನೋಡೋದೂ ಬಿಟ್ಟಿದ್ದಾರೆ. ಎತ್ತಿನದೇನು ತಪ್ಪು?

ಇದಕ್ಕೆ ಲಕ್ಷಗಟ್ಟಲೆ ಖರ್ಚಿನ ಮದ್ದು ಬೇಕಿಲ್ಲ. ದನಗಳ ಕಿವಿಗೆ ಪಶು ಇಲಾಖೆಯವರು ಹಾಕೋ ಹಳದಿ ಓಲೆ ಇದೆಯಲ್ಲ, ಅದರಲ್ಲಿ 12 ಅಂಕಿ ಇರುತ್ತೆ. ಓಟಕ್ಕೆ ಹೆಸರು ಬರೆಸುವಾಗ ಎರಡೂ ಎತ್ತಿನ ಆ ಅಂಕಿ ಬರೆದುಕೊಳ್ಳಿ. ಅಖಾಡ ಟೇಪಲ್ಲಿ ಅಳೆಯಿರಿ. ಎರಡು ಸ್ಟಾಪ್‌ವಾಚ್, ಇಬ್ಬರು ಬೇರೆ ಊರಿನವರು. ಸಂಜೆ ಆ ಪಟ್ಟಿಯ ಫೋಟೋ ತೆಗೆದು ಗ್ರೂಪಿಗೆ ಹಾಕಿದರೆ ಮುಗೀತು. ಪೆಂಡಾಲು, ಡಿಜೆ, ಫ್ಲೆಕ್ಸಿಗೆ ಆಗೋ ಖರ್ಚಿನ ಮುಂದೆ ಇದು ಯಾವ ಲೆಕ್ಕ?

ಸಂಘಟಕರು ಬೇಸರ ಮಾಡಿಕೊಳ್ಳಬಹುದು. "ಪರ್ಮಿಷನ್ ತರೋದೇ ಸಾಕಾಗೋಗದೆ, ಇನ್ನು ನಿಮ್ದೊಂದು ಪುಸ್ತಕ ಬೇರೆ ಕೇಡು" ಅಂತ ಒಬ್ಬರು ನಮಗೆ ಮುಖದ ಮೇಲೇ ಹೇಳಿದರು. ಅವರ ಕಷ್ಟ ಸುಳ್ಳಲ್ಲ. ಆದರೆ ಈ ಓಟ ನಿಂತುಹೋಗಿತ್ತು ಅನ್ನೋದನ್ನು ಮರೆಯಬಾರದು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟ ನಿಲ್ಲಿಸಿತು. 2017ರಲ್ಲಿ ನಮ್ಮ ಸರ್ಕಾರ ಕಂಬಳದ ಜೊತೆ ಎತ್ತಿನ ಗಾಡಿ ಓಟಕ್ಕೂ ತಿದ್ದುಪಡಿ ತಂದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಎತ್ತಿಗೆ ಹಿಂಸೆ ಆಗಬಾರದು ಅನ್ನೋ ಷರತ್ತು ಹಾಗೇ ಇದೆ. ನಾಳೆ ಯಾರಾದರೂ ಮತ್ತೆ ಕೋರ್ಟಿಗೆ ಹೋದರೆ, ಎತ್ತಿಗೆ ಎಷ್ಟು ಹೊತ್ತು ಬಿಡುವು ಕೊಟ್ಟಿರಿ, ಒಂದು ದಿನಕ್ಕೆ ಎಷ್ಟು ಸಲ ಓಡಿಸಿದಿರಿ ಅಂತ ಕೇಳಿದರೆ ಏನು ತೋರಿಸ್ತೀರಿ?

ಬಿಡುವಿನ ಮಾತು ಬಂದದ್ದಕ್ಕೆ ಇದನ್ನೂ ಹೇಳ್ತೀವಿ. ಹನ್ನೆರಡರಿಂದ ಮೂರರವರೆಗೆ ಓಟ ನಿಲ್ಲಿಸಿ. ಎತ್ತಿಗೆ ನೆರಳು, ನೀರು ಕೊಡಿ. ಒಂದು ಓಟಕ್ಕೂ ಇನ್ನೊಂದಕ್ಕೂ ಒಂದು ಗಂಟೆಯಾದರೂ ಇರಲಿ. 64 ಜೋಡಿಗೆ ಒಂದು ದಿನ ಸಾಲದಿದ್ದರೆ ಎರಡು ದಿನ ಮಾಡಿ, ಇಲ್ಲ 32ಕ್ಕೆ ನಿಲ್ಲಿಸಿ. ನಮ್ಮ ನಾಗಮಂಗಲದ ಜೋಡಿಗೆ ಇದರಿಂದ ನಷ್ಟವೇ, ಯಾಕಂದರೆ ಅದರ ಬಲವೇ ಉಸಿರು. ಬಿಡುವು ಸಿಕ್ಕರೆ ಶ್ರೀರಂಗಪಟ್ಟಣದ ಎತ್ತೂ ಕೊನೇವರೆಗೆ ನೆಟ್ಟಗೆ ಓಡಬಹುದು. ಓಡಲಿ, ಆಗ ನಮ್ಮ ಮತ ಬದಲಾಯಿಸ್ತೀವಿ.

ಭಾನುವಾರ ನಾವು ನಾಲ್ವರೂ ಹೋಗ್ತಿದ್ದೀವಿ. ಒಂದು ನೋಟ್‌ಬುಕ್, 100 ಅಡಿ ಟೇಪು, ಎರಡು ಮೊಬೈಲ್ ತಗೊಂಡು. ಇಬ್ಬರು ಬಿಡೋ ಜಾಗದಲ್ಲಿ, ಇಬ್ಬರು ಗೆರೆ ಹತ್ತಿರ. ಬಾವುಟ ಕೆಳಗೆ ಬಿದ್ದಾಗ ಶುರು, ಮುಂದಿನ ಎತ್ತಿನ ಮೂಗು ಗೆರೆ ದಾಟಿದಾಗ ನಿಲ್ಲಿಸೋದು ಅಂತ ಮಾತಾಡಿಕೊಂಡಿದ್ದೀವಿ. ಗೆರೆ ಹತ್ತಿರ ಜನ ಒಳಗೆ ನುಗ್ಗಿದರೆ ಏನೂ ಕಾಣೋದಿಲ್ಲ, ಜೊತೆಗೆ ಗಾಡಿ ಮೈಮೇಲೆ ಬಂದರೆ ಕೈಕಾಲು ಉಳಿಯೋದಿಲ್ಲ. ಅದಕ್ಕೆ ದಯವಿಟ್ಟು ಹಗ್ಗದ ಆಚೆಗೇ ನಿಲ್ಲಿ. ಪಟ್ಟಿ ರಾತ್ರಿ ಎಂಟಕ್ಕೆ ಇಲ್ಲೇ ಹಾಕ್ತೀವಿ, ನಾಗಮಂಗಲ ಸೋತಿದ್ದರೂ.