ಅಜ್ಜನ ಚೀಲ ನೆಲದ ಮೇಲಿತ್ತು...

ಕಳೆದ ಭಾನುವಾರ ಅಜ್ಜನನ್ನು ನೋಡಲು ವೃದ್ಧಾಶ್ರಮಕ್ಕೆ ಹೋಗಿದ್ದೆ. (ತಿಂಗಳಿಗೊಮ್ಮೆ ಮುಖ ತೋರಿಸೋ ಮೊಮ್ಮಗನಿಗೆ ಬೈಯೋ ಹಕ್ಕು ಎಷ್ಟಿದೆ ಅನ್ನೋದು ಬೇರೆ ಮಾತು.) ಅಜ್ಜನ ಮೂತ್ರದ ಚೀಲ ನೆಲದ ಮೇಲೆ ಬಿದ್ದಿತ್ತು. ಆಯಾ ಬಂದು ಅದನ್ನೆತ್ತಿ ಅಜ್ಜನ ಹೊಟ್ಟೆಯ ಮೇಲಿಟ್ಟು ಹಾಸಿಗೆ ಸರಿ ಮಾಡಿದರು. ಆಮೇಲೆ ಒಂದೇ ಮಗ್ಗಿನಲ್ಲಿ ಮೂವರ ಚೀಲ ಖಾಲಿ ಮಾಡಿದರು. ಕೈ ತೊಳೆದದ್ದು ಕೊನೆಗೊಮ್ಮೆ!

ಮ್ಯಾನೇಜರನ್ನು ಕೇಳಿದೆ. "ವಯಸ್ಸಾದವರಿಗೆ ಇನ್‌ಫೆಕ್ಷನ್ ಇದ್ದದ್ದೇ ಸಾರ್, ಆಂಟಿಬಯಾಟಿಕ್ ಕೊಡ್ತೀವಲ್ಲ" ಅಂದರು.

ಇದ್ದದ್ದೇ?! ನನ್ನ ಸಿಟ್ಟೆಲ್ಲ ಈ ಒಂದು ಮಾತಿನ ಮೇಲೆ.

ಕ್ಯಾತಿಟರ್ ತಿಂಗಳುಗಟ್ಟಲೆ ಇದ್ದರೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರೋದು ಹೆಚ್ಚುಕಡಿಮೆ ಖಚಿತ, ಒಪ್ತೀನಿ. ಆದರೆ ಬ್ಯಾಕ್ಟೀರಿಯಾ ಇರೋದೇ ಬೇರೆ, ಚಳಿಜ್ವರ ಬಂದು ಐಸಿಯು ಸೇರೋದೇ ಬೇರೆ. ಯಾವ ಲಕ್ಷಣವೂ ಇಲ್ಲದೆ ಬರೀ ಟೆಸ್ಟ್ ರಿಪೋರ್ಟ್ ನೋಡಿ ಮಾತ್ರೆ ನುಂಗಿಸ್ತಾ ಹೋದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತೆ, ಅಷ್ಟೆ. ಬಗ್ ಹುಡುಕದೆ ದಿನಾ ಸರ್ವರ್ ರೀಸ್ಟಾರ್ಟ್ ಮಾಡಿದ ಹಾಗೆ!

ಅಮೆರಿಕದ 400ಕ್ಕೂ ಹೆಚ್ಚು ನರ್ಸಿಂಗ್ ಹೋಂಗಳಲ್ಲಿ (ಅಲ್ಲಿ ಹಾಗಂದ್ರೆ ವೃದ್ಧರ ಆರೈಕೆಯ ಜಾಗ) ಬೇಡದ ಕ್ಯಾತಿಟರ್ ತೆಗೆದು, ಸಿಬ್ಬಂದಿಗೆ ಸರಿಯಾಗಿ ಕಲಿಸಿದಾಗ ಈ ಸೋಂಕು ಶೇ. 54ರಷ್ಟು ಇಳಿಯಿತು. ಫಲಿತಾಂಶ ಪ್ರಕಟವಾದದ್ದು 2017ರಲ್ಲಿ. ಹಾಗಾದ್ರೆ "ಇದ್ದದ್ದೇ" ಅನ್ನೋದಕ್ಕೆ ಅರ್ಥವೇನು ಸ್ವಾಮಿ?

ಮಾಡಬೇಕಾದ್ದು ರಾಕೆಟ್ ವಿಜ್ಞಾನವಲ್ಲ. ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಮಂಚಕ್ಕೊಂದು ಕೊಕ್ಕೆ ಸಾಕು. ಕೊಳವೆ ಮಡಚಿಕೊಳ್ಳಬಾರದು, ಅದರ ಜೋಡಣೆಯನ್ನು ಸುಮ್ಮಸುಮ್ಮನೆ ಬಿಚ್ಚಬಾರದು. ಒಬ್ಬೊಬ್ಬರಿಗೆ ಒಂದೊಂದು ಮಗ್. ಮುಟ್ಟುವ ಮುಂಚೆಯೂ ಕೈ ತೊಳೆಯಬೇಕು, ಮುಟ್ಟಿದ ಮೇಲೂ. ಎಲ್ಲಕ್ಕಿಂತ ಮೊದಲು "ಇವರಿಗೆ ಇದು ಇನ್ನೂ ಬೇಕಾ?" ಅಂತ ಡಾಕ್ಟರನ್ನು ಕೇಳಬೇಕು. ಡೈಪರ್ ಬದಲಿಸೋ ಕೆಲಸ ತಪ್ಪುತ್ತೆ ಅನ್ನೋದು ಕ್ಯಾತಿಟರ್ ಹಾಕೋಕೆ ಕಾರಣವೇ ಅಲ್ಲ.

ಆಯಾನ ಬೈಯೋಕೆ ನಾನು ಸಿದ್ಧನಿಲ್ಲ. ಅವರೊಬ್ಬರಿಗೆ ಹದಿನೆಂಟು ಹಾಸಿಗೆ, ಯಾರೂ ಏನೂ ಕಲಿಸಿಲ್ಲ. ತಿಂಗಳಾ ತಿಂಗಳಾ ಫೀಸ್ ಎಣಿಸಿಕೊಳ್ಳೋರನ್ನು ಕೇಳಬೇಕು. ಫೀಸ್ ಕಟ್ಟಿ ಕೈ ತೊಳೆದುಕೊಳ್ಳೋ ನಮ್ಮಂಥವರನ್ನೂ!

ಮುಂದಿನ ಸಲ ನಿಮ್ಮವರನ್ನು ನೋಡಲು ಹೋದಾಗ ಹಣ್ಣಿನ ಚೀಲ ಕೊಟ್ಟು ಬರಬೇಡಿ, ಮಂಚದ ಪಕ್ಕದ ಆ ಚೀಲವನ್ನೂ ಒಮ್ಮೆ ನೋಡಿ.

ನೀವೇನಂತೀರಿ?