ಮನೆಯೇ ಪರೀಕ್ಷಾ ಮಂದಿರ

2020ರ ಆಗಸ್ಟ್ 10ರಿಂದ ದೆಹಲಿ ವಿಶ್ವವಿದ್ಯಾನಿಲಯದ ಅಂತಿಮ ವರ್ಷದ ವಿದ್ಯಾರ್ಥಿಗಳು ಪುಸ್ತಕ ತೆರೆದಿಟ್ಟುಕೊಂಡೇ ಮನೆಯಲ್ಲಿ ಪರೀಕ್ಷೆ ಬರೆದರು. ಕೈಬರಹದ ಹಾಳೆಗಳ ಚಿತ್ರ ತೆಗೆದು ಅಂತರಜಾಲದ ಮೂಲಕ ಒಪ್ಪಿಸಬೇಕಾಗಿತ್ತು. ಜುಲೈ ತಿಂಗಳ ಅಣಕು ಪರೀಕ್ಷೆಯಲ್ಲಿ ಜಾಲತಾಣವೇ ಹಲವರಿಗೆ ಕೈಕೊಟ್ಟಿತ್ತು. ತೊಡಕು ಮುಂಚೆಯೇ ಕಂಡುದು ಲೇಸೇ ಆಯಿತು.

ಇಂಥ ಪರೀಕ್ಷೆಗೆ ಅಧ್ಯಾಪಕರು ಮೊದಲು ತಿದ್ದಬೇಕಾದುದು ಪ್ರಶ್ನೆಪತ್ರಿಕೆಯನ್ನು. ‘ಹಣದುಬ್ಬರವೆಂದರೇನು?’ ಎಂದು ಕೇಳಿದರೆ ಪುಸ್ತಕದ ಪುಟವೇ ಉತ್ತರವಾಗಿ ಬರುವುದು. ನಕಲೆಂದು ದೂರಿ ಫಲವಿಲ್ಲ. ಒಂದು ಸಂಸಾರದ ಎರಡು ವರ್ಷಗಳ ಖರ್ಚಿನ ಪಟ್ಟಿಯನ್ನಿತ್ತು, ಯಾವ ಬೆಲೆಯೇರಿಕೆ ಆ ಮನೆಯನ್ನು ಹೆಚ್ಚು ಬಾಧಿಸಿತು, ಏಕೆ, ಎಂದು ಕೇಳಿದರೆ ಪುಸ್ತಕವೊಂದೇ ಸಾಲದು. ಉತ್ತರ ಬರೆದುಕೊಡುವ ಯಂತ್ರಗಳೂ ಬಂದಿರುವ ಈಗ, ಬಳಿಕ ಐದು ನಿಮಿಷ ಬಾಯಿಮಾತಿನಲ್ಲಿ ವಿಚಾರಿಸುವುದೂ ಅವಶ್ಯ.

ಇನ್ನು ಕಳುಹಿಸುವ ಕೆಲಸ. ಹತ್ತು ಪುಟಗಳನ್ನು ಮೊಬೈಲಿನಲ್ಲಿ ಸೆರೆಹಿಡಿದು, ಕ್ರಮ ತಪ್ಪದಂತೆ ಒಂದೇ ಕಡತವಾಗಿಸಲು ಎಷ್ಟು ಹೊತ್ತು ಬೇಕೆಂಬುದನ್ನು ಅಧ್ಯಾಪಕರು ತಾವೇ ಮಾಡಿನೋಡಬೇಕು; ಆಮೇಲೆ ತರಗತಿಗೆಲ್ಲ ಒಮ್ಮೆ ತಾಲೀಮು ನಡೆಸಬೇಕು. ಮನೆಯ ಒಂದೇ ಮೊಬೈಲನ್ನು ತಮ್ಮನೊಡನೆ ಹಂಚಿಕೊಂಡಿರುವ ಹುಡುಗಿ ಯಾರೆಂಬುದು ಆಗಲೇ ತಿಳಿಯುವುದು. ಪರೀಕ್ಷೆಯ ಬೆಳಗ್ಗೆ ತಿಳಿದರೆ ಆಕೆಗೆ ಕಾಲೇಜಿನ ಕಂಪ್ಯೂಟರನ್ನಾದರೂ ಒದಗಿಸಲು ವೇಳೆಯೆಲ್ಲಿ?