ಮೂವತ್ತೊಂದು ತಿಂಗಳು ಯಾರಿಗೆ?

ಹೈದರಾಬಾದಿನ ಮಾದಾಪುರದಲ್ಲಿ ಸೈಬರ್ ಟವರ್ಸ್ ಶುರುವಾದದ್ದು 1998ರಲ್ಲಿ. ಅದೇ ವರ್ಷ ಡಿಸೆಂಬರ್ 7ರಂದು ಭಾರತ ಪೇಟೆಂಟ್ ಸಹಕಾರ ಒಪ್ಪಂದಕ್ಕೆ, ಅಂದರೆ ಪಿಸಿಟಿಗೆ, ಸೇರಿತು. ಇದರಡಿ ಜಪಾನಿನ ಕಂಪನಿಯೊಂದು ಜಪಾನಿ ಭಾಷೆಯಲ್ಲೇ ಅಂತರರಾಷ್ಟ್ರೀಯ ಅರ್ಜಿ ಹಾಕಿತು ಎನ್ನಿ. ಭಾರತದಲ್ಲೂ ಪೇಟೆಂಟ್ ಬೇಕಾದರೆ, ತನ್ನ ಮೊದಲ ಅರ್ಜಿಯ ದಿನದಿಂದ 31 ತಿಂಗಳೊಳಗೆ ಅದು ಇಲ್ಲಿನ ‘ರಾಷ್ಟ್ರೀಯ ಹಂತ’ಕ್ಕೆ ಬಂದರಾಯಿತು. ಇಂಗ್ಲಿಷ್ ಅನುವಾದವನ್ನೂ ಆಗಲೇ ಕೊಟ್ಟರೆ ಸಾಕು. ಕಂಪನಿಯ ಏಜೆಂಟರ ವಿಳಾಸ ಮಾದಾಪುರದ್ದಾದರೆ ಅರ್ಜಿ ಹೋಗುವುದು ಚೆನ್ನೈ ಪೇಟೆಂಟ್ ಕಚೇರಿಗೆ.

ರಾಯಚೂರಿನ ಅರ್ಜಿಯೂ ಹೋಗುವುದು ಅದೇ ಚೆನ್ನೈಗೆ. ಆದರೆ ಅಲ್ಲಿ ಹತ್ತಿ ಬಿಡಿಸುವ ಹೊಸ ಯಂತ್ರ ಕಟ್ಟಿದ ಮೆಕ್ಯಾನಿಕ್‌ಗೆ 31 ತಿಂಗಳಲ್ಲ, ಒಂದು ದಿನದ ಬಿಡುವೂ ಇಲ್ಲ. ಮೊದಲ ದಿನವೇ ಇಂಗ್ಲಿಷ್ ಬೇಕು, ಇಲ್ಲವೇ ಹಿಂದಿ. ಮೊದಲು ಸಲ್ಲಿಸಿದವರದೇ ಮೇಲುಗೈಯಾದ ಈ ವ್ಯವಹಾರದಲ್ಲಿ ಅನುವಾದಕ್ಕೆಂದು ಕಾಯುವುದೂ ಅಪಾಯ, ಅವಸರಪಡುವುದೂ ಅಪಾಯ. ‘ಇವುಗಳನ್ನು ಒಳಗೊಂಡ’ ಎನ್ನಬೇಕಾದಲ್ಲಿ ‘ಇವು ಮಾತ್ರ ಇರುವ’ ಎಂಬರ್ಥದ ಇಂಗ್ಲಿಷ್ ಪದ ಬಿದ್ದರೆ, ಒಂದು ಭಾಗ ಹೆಚ್ಚಿಗೆ ಜೋಡಿಸಿದ ನಕಲುಗಾರ ಪಾರಾಗಬಹುದು.

ಪಿಸಿಟಿ ಅರ್ಜಿಗಳು ಪ್ರಕಟವಾಗುವ ಹತ್ತು ಭಾಷೆಗಳ ಪಟ್ಟಿಗೆ 2009ರಲ್ಲಿ ಕೊರಿಯನ್ ಸೇರಿತು. ಅದರಲ್ಲಿ ಹಿಂದಿಯೂ ಇಲ್ಲ. ಕನ್ನಡವನ್ನು ಅಲ್ಲಿ ಕೇಳುವುದು ದೂರದ ಮಾತಾಯಿತು. ಹತ್ತಿರದ ದಾರಿ ಬೇರೆಯಿದೆ. ಅಮೆರಿಕದ ಪೇಟೆಂಟ್ ಕಚೇರಿ ಯಾವ ಭಾಷೆಯ ಅರ್ಜಿಗೂ ಸಲ್ಲಿಕೆಯ ದಿನಾಂಕ ಕೊಟ್ಟು, ಅನುವಾದವನ್ನು ಆಮೇಲೆ ಕೇಳುತ್ತದೆ. ಕನ್ನಡದ್ದಕ್ಕೂ, ತಮಾಷೆಯೆಂದರೆ! ಚೆನ್ನೈಯಲ್ಲೂ ಪರಿಶೀಲನೆ ಇಂಗ್ಲಿಷಿನಲ್ಲೇ ನಡೆಯಲಿ, ಅಡ್ಡಿಯಿಲ್ಲ. 2003ರ ಪೇಟೆಂಟ್ ನಿಯಮಗಳಲ್ಲಿ 9ನೆಯದನ್ನು ತಿದ್ದಿ, ಕನ್ನಡದ ಅರ್ಜಿಗೆ ದಿನಾಂಕ ಒತ್ತಿ, ಅನುವಾದಕ್ಕೆ ಮೂರು ತಿಂಗಳು ಕೊಡಲಿ.